ಎಚ್‌ಇಪಿ ತಗೊಳ್ಳಲೋ, ಎಚ್‌ಇಕೆ ತಗೊಳ್ಳಲೋ?

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ಮೇಲೆ ಒಂದೂವರೆ ತಿಂಗಳು ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ. "ಅಕ್ಕ, ಡಿಗ್ರಿಗೆ ಯಾವ ಕಾಂಬಿನೇಷನ್ ತಗೊಳ್ಳಲಿ?" ಪತ್ರಿಕೋದ್ಯಮ ಓದಿದವರಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋ ನಂಬಿಕೆ ನಮ್ಮ ಹಳೇಕೋಟೆ ಹೋಬಳಿಯಲ್ಲಿ ಇನ್ನೂ ಉಳಿದಿದೆ. ಪಹಣಿ ತಿದ್ದುಪಡಿಗೂ ನನ್ನನ್ನೇ ಕೇಳ್ತಾರೆ, ಟಿವಿ ಸೀರಿಯಲ್ ಯಾಕೆ ನಿಂತುಹೋಯ್ತು ಅಂತಲೂ ನನ್ನನ್ನೇ ಕೇಳ್ತಾರೆ. ಅವಕ್ಕೆಲ್ಲ ಏನೋ ಒಂದು ಹೇಳಿ ಪಾರಾಗಬಹುದು. ಕಾಂಬಿನೇಷನ್ ಪ್ರಶ್ನೆಗೆ ಮಾತ್ರ ಹಾಗೆ ಹೇಳೋಕೆ ಆಗಲ್ಲ. ಮೂರು ವರ್ಷದ ವಿಷಯ ಅದು.

ಈ ಸಲ ಕೇಳಿದವರಲ್ಲಿ ನಮ್ಮ ಚಿಕ್ಕಮ್ಮನ ಮಗಳೂ ಒಬ್ಬಳು. ಪಿಯುಸಿಯಲ್ಲಿ ಆರ್ಟ್ಸ್, ಒಳ್ಳೆ ಮಾರ್ಕ್ಸು. ಚಿಕ್ಕಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು, ಕನ್ನಡ ಟೀಚರ್ ಆಗಬೇಕು. "ಸರಿ, ಏನ್ ತಗೋತಿದ್ದೀಯ?" ಅಂದೆ. "ಎಚ್‌ಇಪಿ ಅಕ್ಕ. ಫ್ರೆಂಡ್ಸೆಲ್ಲ ಅದೇ ತಗೊಂಡ್ರು." ಎಚ್‌ಇಪಿ ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. "ಮತ್ತೆ ಕನ್ನಡ?" ಅಂದರೆ, "ಕನ್ನಡ ಹೇಗೂ ಇದ್ದೇ ಇರುತ್ತಲ್ಲ ಅಕ್ಕ, ಎಲ್ಲರಿಗೂ" ಅಂದಳು.

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಬಿಎ ಆಗಲಿ, ಬಿಕಾಂ ಆಗಲಿ, ಬಿಎಸ್ಸಿ ಆಗಲಿ, ಭಾಷಾ ವಿಷಯ ಅಂತ ಕನ್ನಡ ಇರುತ್ತದೆ. ಆದರೆ ಅದು ಭಾಷಾ ಕನ್ನಡ. ಐಚ್ಛಿಕ ಕನ್ನಡ ಬೇರೆ. ನಮ್ಮ ಕಡೆ ಅದನ್ನ ಆಪ್ಷನಲ್ ಕನ್ನಡ ಅಂತಾರೆ. ಎಚ್‌ಇಕೆ ಅನ್ನೋ ಕಾಂಬಿನೇಷನ್ನಿನಲ್ಲಿ ಕೊನೇ ಅಕ್ಷರ ಅದೇ. ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರಾಗಬೇಕು ಅಂದರೆ ಡಿಗ್ರಿಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿರಬೇಕು ಅಂತ ನೇಮಕಾತಿಯಲ್ಲಿ ಕೇಳ್ತಾರೆ. ಭಾಷಾ ಕನ್ನಡದಲ್ಲಿ ನೂರಕ್ಕೆ ತೊಂಬತ್ತೈದು ತೆಗೆದಿದ್ದರೂ ಅದು ಇದಕ್ಕೆ ಸಮ ಅಲ್ಲ. ಇಂಗ್ಲಿಷಿಗೂ ಇದೇ ಕಥೆ. ಎರಡೂ ತರಗತಿಯ ಹೆಸರು ಕನ್ನಡವೇ, ಕೆಲವು ಕಡೆ ಪಾಠ ಮಾಡೋರೂ ಒಬ್ಬರೇ. ಹಾಗಾಗಿ ಹುಡುಗರಿಗೆ ವ್ಯತ್ಯಾಸ ಗೊತ್ತಾಗೋದೇ ಬಿಎಡ್ ಮುಗಿಸಿ ಅರ್ಜಿ ಹಾಕೋ ದಿನ. ಅಷ್ಟೊತ್ತಿಗೆ ಐದು ವರ್ಷ ಹೋಗಿರುತ್ತೆ. ಡಿಗ್ರಿ ಮೂರು, ಬಿಎಡ್ ಎರಡು.

ಅವಳಿಗೆ ಇದನ್ನ ಹೇಳಿದಾಗ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ "ಇದನ್ನ ಕಾಲೇಜಲ್ಲಿ ಯಾಕೆ ಯಾರೂ ಹೇಳಲಿಲ್ಲ?" ಅಂದಳು.

ಯಾಕೆ ಹೇಳಲ್ಲ ಅನ್ನೋದು ನನಗೂ ಗೊತ್ತಿಲ್ಲ. ಆದರೆ ಆಯ್ಕೆ ಹೇಗೆ ನಡೆಯುತ್ತೆ ಅನ್ನೋದನ್ನ ನೋಡಿದ್ದೀನಿ. 2021ರಿಂದ ಪ್ರವೇಶ ಆಗೋದು ಯುಯುಸಿಎಂಎಸ್ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ. ನಮ್ಮವರು ಹೋಗೋದು ಸೈಬರ್ ಸೆಂಟರಿಗೆ. ಅಲ್ಲಿ ಮುಂದೆ ಎಂಟು ಜನ ನಿಂತಿರ್ತಾರೆ, ಹಿಂದೆ ಹತ್ತು ಜನ. ಕಂಪ್ಯೂಟರ್ ಮುಂದೆ ಕೂತ ಹುಡುಗ "ಯಾವ್ದು ಹಾಕ್ಲಿ?" ಅಂತಾನೆ. ಅಪ್ಪ ಮಗನ ಮುಖ ನೋಡ್ತಾರೆ, ಮಗ ಗೆಳೆಯನ ಮುಖ ನೋಡ್ತಾನೆ. ಗೆಳೆಯ ಹಾಕಿದ್ದೇ ಇವನಿಗೂ ಬೀಳುತ್ತೆ. ಹಸು ಕೊಳ್ಳೋಕೆ ಹೋದರೆ ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ಎರಡು ಹೊತ್ತು ಹಾಲು ಕರೆದು ನೋಡ್ತೀವಿ. ಇಲ್ಲಿ ಮೂರು ವರ್ಷ ಐದು ನಿಮಿಷದಲ್ಲಿ ತೀರ್ಮಾನ ಆಗಿಬಿಡುತ್ತೆ.

ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಸೇರುವಾಗ ಮೇಜರ್ ಯಾವುದು ಅಂತ ಹೇಳಲೇಬೇಕು ಅಂತಿಲ್ಲ. ಮೇಜರ್ ಅಂದರೆ ಮುಖ್ಯವಾಗಿ ಓದುವ ವಿಷಯ, ಮೈನರ್ ಅಂದರೆ ಅದರ ಪಕ್ಕದಲ್ಲಿ ಸ್ವಲ್ಪ ಕಡಿಮೆ ಓದುವ ಇನ್ನೊಂದು. ಮೊದಲ ವರ್ಷ ನಾಲ್ಕಾರು ಬೇರೆ ಬೇರೆ ತರಗತಿಗಳಲ್ಲಿ ಕೂತು ರುಚಿ ನೋಡಿ, ಎರಡನೇ ವರ್ಷದ ಕೊನೆಗೆ ಇದು ನನ್ನದು ಅಂತ ಹೇಳಿದರೆ ನಡೆಯುತ್ತೆ. ಮಾರ್ಗದರ್ಶನಕ್ಕೆ ಅಂತಲೇ ಒಬ್ಬರನ್ನ ಕೊಟ್ಟಿರ್ತಾರೆ. ನಮ್ಮಲ್ಲೂ ಅಂಥದ್ದೇನೋ ಬರ್ತಿದೆ ಅಂತ 2021ರಲ್ಲಿ ದೊಡ್ಡ ಸುದ್ದಿ ಆಗಿತ್ತು.

ಆ ವರ್ಷ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನ ಡಿಗ್ರಿಗೆ ಮೊದಲು ಜಾರಿ ಮಾಡಿದ ರಾಜ್ಯ ನಮ್ಮದೇ. ಮೂರು ವಿಷಯದ ಕಾಂಬಿನೇಷನ್ ಹೋಗಿ ಎರಡು ವಿಷಯ ಬಂತು. ಮೂರನೇ ವರ್ಷಕ್ಕೆ ಬಂದಾಗ ಒಂದನ್ನ ಮೇಜರ್, ಇನ್ನೊಂದನ್ನ ಮೈನರ್ ಮಾಡಿಕೊಳ್ಳಬಹುದು, ಇಲ್ಲವೇ ಎರಡನ್ನೂ ಮೇಜರ್ ಮಾಡಿಕೊಳ್ಳಬಹುದು. ಜೊತೆಗೆ ಓಪನ್ ಎಲೆಕ್ಟಿವ್ ಅಂತ ಬೇರೆ ವಿಭಾಗದ ಒಂದು ವಿಷಯ, ಡಿಜಿಟಲ್ ಫ್ಲುಯೆನ್ಸಿ ಅಂತ ಇನ್ನೊಂದು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್.

ಕಾಗದದ ಮೇಲೆ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಇತಿಹಾಸ ಓದೋ ಹುಡುಗಿ ಪಕ್ಕದ ವಿಭಾಗಕ್ಕೆ ಹೋಗಿ ವಾಣಿಜ್ಯದ ಒಂದು ಪೇಪರ್ ಓದಬಹುದು ಅನ್ನೋದು ಒಳ್ಳೇ ಯೋಚನೆಯೇ. ಆದರೆ ನಮ್ಮ ಪಕ್ಕದೂರಿನ ಹುಡುಗನೊಬ್ಬ ಆ ಮೊದಲ ಬ್ಯಾಚಿನಲ್ಲಿ ಓದಿದ. ಓಪನ್ ಎಲೆಕ್ಟಿವ್ ಏನು ತಗೊಂಡೆ ಅಂತ ಕೇಳಿದರೆ ನಕ್ಕ. "ಎಲೆಕ್ಟಿವ್ ಎಲ್ಲಿ ಬಂತಕ್ಕ, ನಮ್ಮ ಕಾಲೇಜಲ್ಲಿ ಯಾವ ಮೇಷ್ಟ್ರಿಗೆ ಟೈಮಿತ್ತೋ ಅವರ ಸಬ್ಜೆಕ್ಟೇ ನಮ್ಮ ಎಲೆಕ್ಟಿವ್." ಮೂರನೇ ವರ್ಷ ಮೇಜರ್ ಮೈನರ್ ಪ್ರಶ್ನೆ ಬಂದಾಗಲೂ ಅಷ್ಟೇ ಅಂತೆ. ಒಂದು ವಿಷಯಕ್ಕೆ ಪಾಠ ಮಾಡೋರು ಇದ್ದರು, ಇನ್ನೊಂದಕ್ಕೆ ಅರ್ಧ ವರ್ಷ ಯಾರೂ ಇರಲಿಲ್ಲ. ಇದ್ದದ್ದು ಮೇಜರ್ ಆಯ್ತು, ಇಲ್ಲದ್ದು ಮೈನರ್ ಆಯ್ತು. ಆಯ್ಕೆ ಮಾಡಿದ್ದು ಅವನಲ್ಲ.

ಪಾಠ ಮಾಡೋರು ಯಾಕೆ ಇರಲಿಲ್ಲ ಅಂತೀರಾ? ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೀತಿರೋದೇ ಅತಿಥಿ ಉಪನ್ಯಾಸಕರ ಮೇಲೆ. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. 2021ರ ಕೊನೆಯಲ್ಲಿ ಒಮ್ಮೆ, 2023ರ ಕೊನೆಯಲ್ಲಿ ಮತ್ತೊಮ್ಮೆ ಅವರು ಸೇವಾ ಭದ್ರತೆಗಾಗಿ ತರಗತಿ ಬಿಟ್ಟು ಮುಷ್ಕರಕ್ಕೆ ಕೂತರು. ಅವರ ಬೇಡಿಕೆ ನ್ಯಾಯವಾದದ್ದು ಅಂತಲೇ ನಾನು ಅಂದುಕೊಂಡಿದ್ದೀನಿ. ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಿ, ಕೆಲಸ ಇದೆಯೋ ಇಲ್ಲವೋ ಅಂತ ಕಾಯೋ ಮೇಷ್ಟ್ರು ಮೂರು ವರ್ಷದ ಮಾತನ್ನ ಮಕ್ಕಳಿಗೆ ಹೇಗೆ ಕೊಡ್ತಾರೆ? ಆದರೆ ಆ ತಿಂಗಳುಗಳಲ್ಲಿ ಬಸ್ ಹತ್ತಿ ಹೋಗಿ ಖಾಲಿ ಬೋರ್ಡ್ ನೋಡಿ ವಾಪಸ್ ಬಂದವರು ನಮ್ಮ ಹುಡುಗರೇ.

ಮೂರು ಬ್ಯಾಚ್ ಹೀಗೆ ಒಳಗೆ ಹೋದ ಮೇಲೆ ಸರ್ಕಾರ ಬದಲಾಗಿತ್ತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಇಟ್ಟುಕೊಂಡು 2024ರ ಮೇ ತಿಂಗಳಲ್ಲಿ ಆದೇಶ ಹೊರಟಿತು. ನಾಲ್ಕು ವರ್ಷದ ಡಿಗ್ರಿ ಇಲ್ಲ, 2024-25ರಿಂದ ಮತ್ತೆ ಮೂರು ವರ್ಷ, ಮತ್ತೆ ಮೂರು ವಿಷಯ. ಆಗಲೇ ಒಳಗಿದ್ದವರಿಗೆ ಅವರು ಸೇರಿದಾಗಿನ ನಿಯಮ ಮುಂದುವರಿಯಿತು. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣನದು ಎರಡು ವಿಷಯದ ಡಿಗ್ರಿ, ತಂಗಿಯದು ಮೂರು ವಿಷಯದ ಡಿಗ್ರಿ. ಅಣ್ಣನ ಅನುಭವ ಕೇಳಿ ತಂಗಿ ಫಾರಂ ತುಂಬೋ ಹಾಗಿಲ್ಲ. ನೀವೂ ಅಷ್ಟೇ, ಮೂರು ವರ್ಷ ಹಿಂದೆ ಸೇರಿದವರನ್ನ ಕೇಳಬೇಡಿ. ಹೋದ ವರ್ಷ ಸೇರಿದವರನ್ನ ಕೇಳಿ. ಅವರ ಟೈಮ್‌ಟೇಬಲ್ಲಿನ ಫೋಟೊ ಕಳಿಸಿ ಅನ್ನಿ. ಕಾಲೇಜಿನ ಬ್ರೋಷರ್‌ಗಿಂತ ಅದು ಹೆಚ್ಚು ಸತ್ಯ ಹೇಳುತ್ತೆ.

ಈಗ ಕಾಂಬಿನೇಷನ್ ಮಾತಿಗೆ ಬರೋಣ. ಕೇಳೋರೆಲ್ಲ "ಯಾವುದಕ್ಕೆ ಸ್ಕೋಪ್ ಇದೆ?" ಅಂತಲೇ ಕೇಳ್ತಾರೆ. ನನಗೆ ಈ ಸ್ಕೋಪ್ ಅನ್ನೋ ಪದ ಕಂಡರೆ ಆಗಲ್ಲ. ಯಾಕೆ ಅಂದರೆ ನಮ್ಮ ಹುಡುಗರು ನಿಜವಾಗಿ ಬರೆಯೋ ಪರೀಕ್ಷೆಗಳನ್ನ ನೋಡಿ. ಪಿಡಿಒಗೆ ಯಾವುದಾದರೂ ಡಿಗ್ರಿ ಸಾಕು. ಎಫ್‌ಡಿಎ, ಪಿಎಸ್‌ಐ, ಕೆಎಎಸ್, ಬ್ಯಾಂಕಿನ ಪರೀಕ್ಷೆಗೂ ಯಾವುದಾದರೂ ಡಿಗ್ರಿ. 2024ರಲ್ಲಿ ಕರೆದ ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಪಿಯುಸಿಯೇ ಸಾಕಾಗಿತ್ತು. ಮೂರು ವರ್ಷದ ಎಲ್‌ಎಲ್‌ಬಿಗೆ ಯಾವುದಾದರೂ ಡಿಗ್ರಿ. ಸಮಾಜಕಾರ್ಯದ ಎಂಎಸ್‌ಡಬ್ಲ್ಯುಗೂ, ಎಂಬಿಎಗೂ ಹಾಗೇ. ಇವೆಲ್ಲದಕ್ಕೂ ಎಚ್‌ಇಪಿ ಆದರೇನು, ಎಚ್‌ಇಕೆ ಆದರೇನು? ಇಲ್ಲಿ ಸ್ಕೋಪ್ ಅನ್ನೋದು ಕಾಂಬಿನೇಷನ್ನಿನಲ್ಲಿ ಇಲ್ಲ.

ಹಾಗಾಗಿ ನಾನು ಪ್ರಶ್ನೆಯನ್ನ ತಿರುಗಿಸಿ ಕೇಳ್ತೀನಿ. ಈ ವಿಷಯ ತಗೊಂಡರೆ ಯಾವ ಬಾಗಿಲು ತೆರೆಯುತ್ತೆ ಅಂತಲ್ಲ. ಈ ವಿಷಯ ತಗೊಳ್ಳದೇ ಹೋದರೆ ಯಾವ ಬಾಗಿಲು ಮುಚ್ಚುತ್ತೆ? ಅಂಥವು ಬಹಳ ಇಲ್ಲ. ಆದರೆ ಇರೋವು ಸದ್ದಿಲ್ಲದೆ ಮುಚ್ಚಿಕೊಳ್ತವೆ, ಮತ್ತೆ ಸುಲಭಕ್ಕೆ ತೆರೆಯಲ್ಲ.

ಮೊದಲನೇದು ಮೇಷ್ಟ್ರ ಕೆಲಸ. ನಮ್ಮೂರ ಹೆಣ್ಣುಮಕ್ಕಳಲ್ಲಿ ಹತ್ತಕ್ಕೆ ಐದಾರು ಜನ ಅದನ್ನೇ ಹೇಳ್ತಾರೆ, ಹಾಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಬಿಎಡ್ ಸೇರೋಕೆ ಡಿಗ್ರಿಯಲ್ಲಿ ಶೇ 50 ಇರಬೇಕು, ಪರಿಶಿಷ್ಟರಿಗೆ ರಿಯಾಯಿತಿ ಇದೆ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಕೆಲಸಕ್ಕೆ ಕರೆಯುವಾಗ ವಿಷಯವಾರು ಕರೀತಾರೆ ಅನ್ನೋದು. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರನ್ನ ಕರೆದಾಗ ಗಣಿತ ವಿಜ್ಞಾನ ಬೇರೆ, ಜೀವವಿಜ್ಞಾನ ಬೇರೆ, ಸಮಾಜ ಬೇರೆ, ಇಂಗ್ಲಿಷ್ ಬೇರೆ. ಪ್ರತಿಯೊಂದಕ್ಕೂ ಡಿಗ್ರಿಯಲ್ಲಿ ಏನು ಓದಿರಬೇಕು ಅಂತ ಅಧಿಸೂಚನೆಯಲ್ಲೇ ಬರೆದಿರ್ತಾರೆ. ಸಮಾಜ ಮೇಷ್ಟ್ರಾಗೋಕೆ ಯಾವ ಯಾವ ವಿಷಯದ ಜೋಡಿ ಬೇಕು ಅನ್ನೋದೂ ಅಲ್ಲಿರುತ್ತೆ. ಈ ಹಳೇ ಅಧಿಸೂಚನೆಗಳು ಫೋನಲ್ಲೇ ಸಿಗ್ತವೆ. ಡಿಗ್ರಿ ಮುಗಿಸಿ ಓದೋ ಬದಲು ಡಿಗ್ರಿ ಸೇರೋ ಮುಂಚೆ ಓದಿ. ಪಿಯು ಕಾಲೇಜಿನ ಉಪನ್ಯಾಸಕರಾಗೋಕೆ ಅದೇ ವಿಷಯದಲ್ಲಿ ಎಂಎ ಬೇಕು, ಬಿಎಡ್ ಕೂಡ ಬೇಕು. ಆ ಎಂಎಗೆ ಸೀಟು ಕೊಡೋವಾಗ ಡಿಗ್ರಿಯಲ್ಲಿ ಓದಿದ್ದೀರಾ ಅಂತ ಕೇಳೋ ವಿಷಯಗಳೇ ಹೆಚ್ಚು.

ಎರಡನೇದು ವಿಜ್ಞಾನ. ಎಂಎಸ್ಸಿ ರಸಾಯನಶಾಸ್ತ್ರಕ್ಕೆ ಡಿಗ್ರಿಯಲ್ಲಿ ರಸಾಯನಶಾಸ್ತ್ರ ಬೇಕೇ ಬೇಕು. ಗಣಿತಕ್ಕೆ ಗಣಿತ ಬೇಕು. ಪಿಸಿಎಂ ತಗೊಂಡವರು ನಾಳೆ ಸಸ್ಯಶಾಸ್ತ್ರಕ್ಕೆ ಹೋಗ್ತೀನಿ ಅಂದರೆ ಆಗಲ್ಲ, ಸಿಬಿಝಡ್‌ನವರು ಗಣಿತಕ್ಕೆ ಹೋಗೋಕೆ ಆಗಲ್ಲ. ಎಂಕಾಂಗೂ ಬಿಕಾಂನಂಥ ಡಿಗ್ರಿ ಕೇಳ್ತಾರೆ. ಕೆಲವು ಬಾಗಿಲಂತೂ ಡಿಗ್ರಿಗೂ ಮುಂಚೆನೇ ಮುಚ್ಚಿರುತ್ತೆ. ಹಾಸನದ ಪಕ್ಕ ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ. ಎಷ್ಟೋ ರೈತರ ಮಕ್ಕಳು ಪಿಯುಸಿ ಆರ್ಟ್ಸ್ ಮುಗಿಸಿಕೊಂಡು "ಅಲ್ಲಿ ಸೀಟ್ ಸಿಗುತ್ತಾ" ಅಂತ ಕೇಳ್ತಾರೆ. ಹುಟ್ಟಿದಾಗಿನಿಂದ ಶುಂಠಿ, ಆಲೂಗಡ್ಡೆ ಜೊತೆ ಬೆಳೆದ ಹುಡುಗನಿಗೆ, ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಬರೆಯಬೇಕಿತ್ತು ಕಣೋ ಅಂತ ಹೇಳೋದು ನನಗೆ ಬಹಳ ಕಷ್ಟದ ಕೆಲಸ. ಹತ್ತನೇ ತರಗತಿಯ ತಮ್ಮ ತಂಗಿ ಇದ್ದರೆ ಈ ಪ್ಯಾರಾ ಅವರಿಗೆ ಓದಿಸಿ.

ಇನ್ನು ಪತ್ರಿಕೋದ್ಯಮ. ನನ್ನದೇ ವಿಷಯ ಆದ್ದರಿಂದ ಇದರ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಬಲ್ಲೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಕನ್ನಡ ನಾಡಿನಲ್ಲಿ ಈ ಪಾಠ ಶುರು ಮಾಡಿದ್ದು 1951ರಲ್ಲಿ. ಅಂದಿನಿಂದ ನಮ್ಮಂಥ ಹಳ್ಳಿಯವರು ಎಷ್ಟೋ ಜನ ಆ ದಾರಿಯಲ್ಲಿ ಬಂದಿದ್ದೀವಿ. ನಾನು ಡಿಗ್ರಿಯಲ್ಲಿ ಇತಿಹಾಸ, ಕನ್ನಡದ ಜೊತೆ ಇದನ್ನ ಓದಿದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾವುದು ಅಂದರೆ, ಜಗಳ ಬೇಡ, ಇತಿಹಾಸ. ಕೆರೆ ಒತ್ತುವರಿ ಸುದ್ದಿ ಬರೆಯೋಕೆ ಹೋದವಳಿಗೆ ಹಳೇ ದಾಖಲೆ ಓದೋ ಅಭ್ಯಾಸ ಇರಬೇಕು. ಪತ್ರಿಕೋದ್ಯಮದ ಎಂಎಗೆ ಬೇರೆ ವಿಷಯದ ಡಿಗ್ರಿಯವರನ್ನೂ ತಗೋತಾರೆ. ಅಂದರೆ ಆ ಬಾಗಿಲು ಮುಚ್ಚೋದಲ್ಲ. ವರದಿಗಾರರಾಗೋ ಆಸೆ ಇದ್ದೂ ಹತ್ತಿರದ ಕಾಲೇಜಿನಲ್ಲಿ ಆ ವಿಷಯ ಇಲ್ಲ ಅಂದರೆ ಅಳೋದು ಬೇಡ. ಅರ್ಥಶಾಸ್ತ್ರವೋ ಇತಿಹಾಸವೋ ಚೆನ್ನಾಗಿ ಓದಿ, ವಾರಕ್ಕೊಂದು ಊರಿನ ಸುದ್ದಿ ಬರೀರಿ.

ಹೊಳೆನರಸೀಪುರದಲ್ಲಿ ಸರ್ಕಾರಿ ಗೃಹವಿಜ್ಞಾನ ಕಾಲೇಜಿದೆ. ಅದರ ಹೆಸರು ಕೇಳಿದರೆ "ಅಡುಗೆ ಕಲಿಯೋಕೆ ಕಾಲೇಜು ಬೇಕಾ" ಅಂತ ನಗೋರನ್ನ ನೋಡಿದ್ದೀನಿ. ಪೌಷ್ಟಿಕತೆ, ಮಗುವಿನ ಬೆಳವಣಿಗೆ, ಜವಳಿ, ಇವೆಲ್ಲ ಆ ಶಾಸ್ತ್ರದೊಳಗೆ ಬರೋ ವಿಷಯಗಳು. ಆಸ್ಪತ್ರೆಯಲ್ಲಿ ರೋಗಿಗೆ ಏನು ಊಟ ಕೊಡಬೇಕು ಅಂತ ಬರೆದುಕೊಡೋರು ಅದನ್ನೇ ಓದಿ ಬಂದಿರ್ತಾರೆ. ನಗೋರು ನಗಲಿ.

ಬಾಗಿಲಿನ ಲೆಕ್ಕ ಆದ ಮೇಲೆ ಬಸ್ಸಿನ ಲೆಕ್ಕ. ಇದನ್ನ ಯಾವ ಕೆರಿಯರ್ ಗೈಡೆನ್ಸ್ ಕಾರ್ಯಕ್ರಮದಲ್ಲೂ ಹೇಳಲ್ಲ. ನಮ್ಮ ಹೋಬಳಿಯವರಿಗೆ ಒಂದು ಕಡೆ ಹೊಳೆನರಸೀಪುರ, ಇನ್ನೊಂದು ಕಡೆ ಹಾಸನ. ಹೊಳೆನರಸೀಪುರದಿಂದ ಹಾಸನಕ್ಕೆ ಮೂವತ್ತು ಕಿಲೋಮೀಟರ್ ಆಸುಪಾಸು. ಮಾವಿನಕೆರೆಯಲ್ಲಿ ರೈಲ್ವೆ ಸ್ಟೇಷನ್ನೂ ಇದೆ, ಆದರೆ ರೈಲಿನ ಟೈಮಿಗೆ ಕಾಲೇಜಿನ ಬೆಲ್ ಹೊಂದಬೇಕಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು. ಅದಕ್ಕೂ ಮುಂಚೆ "ಹಾಸನದವರೆಗೆ ದಿನಾ ಯಾರು ದುಡ್ಡು ಕೊಡ್ತಾರೆ" ಅಂತ ಹತ್ತಿರದ ಕಾಲೇಜಿಗೇ ಸೇರಿಸ್ತಿದ್ದರು, ಅಲ್ಲಿ ಇದ್ದ ಕಾಂಬಿನೇಷನ್ನೇ ಗತಿ. ಈಗ ಹಾಸನದ ಸರ್ಕಾರಿ ಕಲಾ ಕಾಲೇಜು, ಸರ್ಕಾರಿ ವಿಜ್ಞಾನ ಕಾಲೇಜು ನಮ್ಮ ಹುಡುಗಿಯರಿಗೂ ಎಟುಕ್ತವೆ. ಆದರೆ ಟಿಕೆಟ್ ಫ್ರೀ ಆದ ಮಾತ್ರಕ್ಕೆ ಬಸ್ ಜಾಸ್ತಿ ಆಗಲ್ಲ. ಬೆಳಗ್ಗೆ ನಿಲ್ಲೋಕೂ ಜಾಗ ಇರಲ್ಲ. ಸಂಜೆ ಕೊನೇ ಪಿರಿಯಡ್ ಬಿಟ್ಟು ಓಡಿದರೆ ಮಾತ್ರ ಕತ್ತಲಾಗೋ ಮುಂಚೆ ಮನೆ. ವಿಜ್ಞಾನದವರಿಗೆ ಪ್ರಾಕ್ಟಿಕಲ್ ಮಧ್ಯಾಹ್ನದ ಮೇಲೆ ಇದ್ದರೆ ಇನ್ನೂ ಕಷ್ಟ. ಹಾಸ್ಟೆಲ್ ಅರ್ಜಿ ಯಾವಾಗ ಬಿಡ್ತಾರೆ ಅಂತ ಪ್ರವೇಶದ ದಿನವೇ ಕೇಳಿ, ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲ ಅಂತ ನೋಡಿಕೊಳ್ಳಿ. ಆಯ್ಕೆ ಮಾಡಿದ ವಿಷಯ ಎಷ್ಟು ಚೆನ್ನಾಗಿದ್ದರೇನು, ತರಗತಿ ಮುಟ್ಟದಿದ್ದರೆ.

ಹಾಸನ ವಿಶ್ವವಿದ್ಯಾಲಯದ ಬಗ್ಗೆಯೂ ಕೇಳ್ತಾರೆ. ಮೊದಲು ನಮ್ಮ ಕಾಲೇಜುಗಳು ಮೈಸೂರು ವಿವಿಗೆ ಸೇರಿದ್ದವು, 2023ರಲ್ಲಿ ಹೇಮಗಂಗೋತ್ರಿಯಲ್ಲಿ ಹಾಸನ ವಿವಿ ಆಯ್ತು. 2025ರಲ್ಲಿ ಹೊಸ ವಿವಿಗಳನ್ನ ಉಳಿಸಬೇಕೋ ಬೇಡವೋ ಅಂತ ಚರ್ಚೆ ಎದ್ದಾಗಿನಿಂದ "ಸರ್ಟಿಫಿಕೇಟ್‌ಗೆ ಬೆಲೆ ಇರುತ್ತಾ" ಅನ್ನೋ ಭಯ. ಕಾನೂನಿನಂತೆ ಸ್ಥಾಪನೆಯಾದ ಸರ್ಕಾರಿ ವಿವಿ ಕೊಟ್ಟ ಡಿಗ್ರಿ ಡಿಗ್ರಿಯೇ. ಈ ಭಯಕ್ಕೆ ಕಾಲೇಜು ಬದಲಿಸೋದು ಬೇಡ.

ಚಿಕ್ಕಮ್ಮನ ಮಗಳ ವಿಷಯಕ್ಕೆ ಬರ್ತೀನಿ. ಎಚ್‌ಇಕೆ ಸಿಗೋ ಕಾಲೇಜುಗಳನ್ನ ಹುಡುಕಿದೆವು. ಒಂದು ಹತ್ತಿರ, ಒಂದು ದೂರ. ನಾನು ಫೋನಲ್ಲಿ ಕೇಳೋ ಬದಲು ಅವಳನ್ನೇ ಕಳಿಸಿದೆ. ಪ್ರಿನ್ಸಿಪಾಲರ ಹತ್ತಿರ ಅಲ್ಲ, ಎರಡನೇ ವರ್ಷದ ಹುಡುಗಿಯರ ಹತ್ತಿರ. ಕೇಳಬೇಕಾದ್ದು ಇಷ್ಟೇ: ಐಚ್ಛಿಕ ಕನ್ನಡಕ್ಕೆ ಕಾಯಂ ಮೇಷ್ಟ್ರಿದ್ದಾರಾ, ಹೋದ ವರ್ಷ ಎಷ್ಟು ತಿಂಗಳು ಪಾಠ ಆಯ್ತು, ತರಗತಿಯಲ್ಲಿ ಎಷ್ಟು ಜನ ಇದ್ದೀರಿ. ಕೊನೇ ಪ್ರಶ್ನೆ ಮುಖ್ಯ. ತೀರಾ ಕಡಿಮೆ ಜನ ಸೇರಿದರೆ ಆ ಕಾಂಬಿನೇಷನ್ ನಡೆಸೋದು ಕಾಲೇಜಿಗೆ ಕಷ್ಟ ಆಗುತ್ತೆ, ಬೇರೆ ತಗೊಳ್ಳಿ ಅಂತಾರೆ.

ಹತ್ತಿರದ ಕಾಲೇಜಿನಲ್ಲಿ ಐಚ್ಛಿಕ ಕನ್ನಡಕ್ಕೆ ಬೆರಳೆಣಿಕೆಯಷ್ಟು ಜನ, ಪಾಠಕ್ಕೆ ಅತಿಥಿ ಉಪನ್ಯಾಸಕರು. ಆದರೆ ಹುಡುಗಿಯರು ಅವರ ಬಗ್ಗೆ ಹೇಳಿದ ರೀತಿಯಲ್ಲೇ ಇವಳಿಗೆ ಗೊತ್ತಾಯಿತಂತೆ, ಚೆನ್ನಾಗಿ ಪಾಠ ಮಾಡ್ತಾರೆ ಅಂತ. ದೂರದ ಕಾಲೇಜಿನಲ್ಲಿ ಕಾಯಂ ಮೇಷ್ಟ್ರಿದ್ದಾರೆ, ತರಗತಿ ತುಂಬಿದೆ, ಬಸ್ ಒಂದೇ. ಚಿಕ್ಕಪ್ಪ ಹತ್ತಿರದ್ದೇ ಸಾಕು ಅಂದರು, ಚಿಕ್ಕಮ್ಮ ಏನೂ ಹೇಳಲಿಲ್ಲ. ಎರಡು ದಿನ ಯೋಚಿಸಿ ಅವಳೇ ದೂರದ್ದು ಅಂದಳು. ಮುಂದಿನ ವರ್ಷ ಅತಿಥಿ ಉಪನ್ಯಾಸಕರನ್ನ ಮತ್ತೆ ಕರೀತಾರೋ ಇಲ್ಲವೋ ಗೊತ್ತಿಲ್ಲ, ಬಸ್ ಆದರೆ ನಾಳೆನೂ ಬರುತ್ತೆ ಅನ್ನೋದು ಅವಳ ಲೆಕ್ಕ. ಮೇಷ್ಟ್ರಿಗಿಂತ ಬಸ್ಸಿನ ಮೇಲೆ ಭರವಸೆ ಇಡೋ ಕಾಲ ಬಂತಲ್ಲ ಅಂತ ನನಗೆ ಅನ್ನಿಸಿತು, ಹೇಳಲಿಲ್ಲ.

ಸೈಬರ್ ಸೆಂಟರಿಗೆ ಹೋದಾಗ ಪರದೆ ತನ್ನ ಕಡೆ ತಿರುಗಿಸಿಕೊಂಡು, ಸಬ್‌ಮಿಟ್ ಒತ್ತೋ ಮುಂಚೆ ಮೂರೂ ವಿಷಯ ಜೋರಾಗಿ ಓದಿದಳಂತೆ. ಭಾಷೆ ಕನ್ನಡ ಒಂದು ಸಾಲು, ಐಚ್ಛಿಕ ಕನ್ನಡ ಇನ್ನೊಂದು ಸಾಲು. ಎರಡೂ ಇದೆಯಾ ಅಂತ ನೀವೂ ನೋಡಿ. ತಪ್ಪಿ ಬೇರೆ ಬಿದ್ದಿದ್ದರೆ, ಪ್ರವೇಶದ ಕೊನೇ ದಿನಾಂಕದೊಳಗೆ ಕಾಲೇಜಿಗೇ ಹೋಗಿ ಬರವಣಿಗೆಯಲ್ಲಿ ಕೇಳಿ. ಆಮೇಲೆ ಬಹಳ ಓಡಾಟ.

ತರಗತಿ ಶುರುವಾಗಿ ಮೂರು ವಾರ ಆಯ್ತು. ಮೊನ್ನೆ ಟೈಮ್‌ಟೇಬಲ್ ಫೋಟೊ ಕಳಿಸಿದ್ದಳು. ವಾರದಲ್ಲಿ ಎರಡು ದಿನ ಮೊದಲ ಪಿರಿಯಡ್ಡೇ ಐಚ್ಛಿಕ ಕನ್ನಡ, ಅವಳ ಬಸ್ ಮುಟ್ಟೋದು ಅದು ಶುರುವಾಗಿ ಹತ್ತು ನಿಮಿಷಕ್ಕೆ. ಮೇಷ್ಟ್ರಿಗೆ ಹೇಳಿದ್ದಾಳಂತೆ. ಅದೇ ಬಸ್ಸಲ್ಲಿ ಬರೋ ಇನ್ನೂ ಆರು ಜನರ ಸಹಿ ಹಾಕಿಸಿ ಡಿಪೋಗೆ ಒಂದು ಅರ್ಜಿ ಬರೀಬೇಕು, ಒಕ್ಕಣೆ ಸರಿಯಾಗಿದೆಯಾ ನೋಡಿಕೊಡಿ ಅಂತ ಕೇಳಿದ್ದಾಳೆ. ಅರ್ಜಿ ನೋಡಿದೆ. ಕಾಗುಣಿತ ಒಂದೂ ತಪ್ಪಿಲ್ಲ.